ಹಾರುವ ತಟ್ಟೆಯ ಕೆಳಗೆ ನನ್ನ ಹೋರಿ

ದೀಪದ ಹಸುವಿಗೆ ಕೆಚ್ಚಲಿತ್ತು. ಮೊದಲು ಅದನ್ನೇ ಬ್ಲೇಡಿನಿಂದ ಕೆತ್ತಿ ತೆಗೆದೆ.

ದೀಪವೆಂದರೆ ಆನ್‌ಲೈನಿನಲ್ಲಿ ತರಿಸಿದ ಆಟಿಕೆಯಂಥದ್ದು. ಮೇಲೆ ಹಾರುವ ತಟ್ಟೆ, ಅದರಿಂದ ಕೆಳಗಿಳಿಯುವ ಮಬ್ಬು ಪ್ಲಾಸ್ಟಿಕ್ಕಿನ ಬೆಳಕಿನ ಕೊಳವೆ, ಕೊಳವೆಯ ನಡುವೆ ಕಾಲು ಇಳಿಬಿಟ್ಟು ಮೇಲಕ್ಕೆ ಹೋಗುತ್ತಿರುವ ಮಚ್ಚೆ ಮಚ್ಚೆಯ ವಿದೇಶಿ ಹಸು. ಬೇರೆ ಗ್ರಹದವರು ಬಂದು ದನ ಕದ್ದೊಯ್ಯುವ ಚಿತ್ರ. ದಾಸನಕೊಪ್ಪದಲ್ಲಿ ನನ್ನ ಸೋದರಮಾವ ಹೊಸ ಮನೆ ಕಟ್ಟಿಸಿದ್ದ. ಅವನ ಗೃಹಪ್ರವೇಶಕ್ಕೆ ಇದಕ್ಕಿಂತ ಒಪ್ಪುವ ಉಡುಗೊರೆ ಶಿರಸಿ ಪೇಟೆಯಲ್ಲಿ ಎಲ್ಲೂ ಸಿಗುತ್ತಿರಲಿಲ್ಲ.

ಯಾಕೆಂದು ಹೇಳುತ್ತೇನೆ. ತಾಯಿ ಸತ್ತ ಹೋರಿಗರುವೊಂದನ್ನು ನಾನು ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದೆ. ದೀಪಾವಳಿ ಕಳೆದ ಮೇಲೆ ನಮ್ಮ ಕಡೆ ಹೋರಿಗಳನ್ನು ಸಿಂಗರಿಸಿ ಓಡಿಸುತ್ತಾರಲ್ಲ, ಅಲ್ಲಿ ಇದನ್ನು ನನ್ನ ಹೆಸರಿನಲ್ಲಿ ಓಡಿಸಬೇಕೆಂಬ ಹುಚ್ಚು ನನಗೆ. "ಹೆಣ್ಮಕ್ಕಳಿಗ್ಯಾಕ ಹೋರಿ? ಕುರಿಮರಿ ಕಟ್ಕೋ ಹೋಗು" ಎಂದು ಮಾವ ನಗುತ್ತಿದ್ದ. ಕರುವಿಗೆ ಇನ್ನೂ ಕೊಂಬು ಮೂಡಿರಲಿಲ್ಲ, ಅಷ್ಟರಲ್ಲಿ ನನಗೆ ಕಾಮಾಲೆಯಾಗಿ ಎರಡು ತಿಂಗಳು ಹಾಸಿಗೆ ಹಿಡಿದೆ. ಕರುವನ್ನು ಮಾವನ ಕೊಟ್ಟಿಗೆಯಲ್ಲಿ ಬಿಟ್ಟಿದ್ದೆವು. ಎದ್ದು ಹೋದರೆ, "ಹಾವು ಕಡದು ಸತ್ತತವ್ವಾ, ಬದುವಿನಾಗ ಹೂಳಿದ್ವಿ" ಅಂದ. ಮಣ್ಣಿನ ಗುಡ್ಡೆಯನ್ನೂ ತೋರಿಸಿದ. ಪೆದ್ದಿಯ ಹಾಗೆ ಅಲ್ಲಿ ಊದುಬತ್ತಿ ಹಚ್ಚಿ ಅತ್ತೆ.

ಏಳು ವರ್ಷದ ಮೇಲೆ ಯಾರೋ ಫೋನಿಗೆ ಕಳಿಸಿದ ಫೋಟೊದಲ್ಲಿ ಒಂದು ಹೋರಿ ಓಡುತ್ತಿತ್ತು. ಕೆಂಚು ಮೈ, ಹಣೆಯಲ್ಲಿ ಬಿಳಿ ಅರ್ಧಚಂದ್ರ. ಕೊಂಬುಗಳು ಬಲೂನು, ರಿಬ್ಬನ್ನುಗಳಲ್ಲಿ ಮುಚ್ಚಿಹೋಗಿದ್ದವು. ನನ್ನ ಕರುವಿಗಿದ್ದದ್ದೂ ಇದೇ ಗುರುತು. ಮಾವನನ್ನು ಕೇಳಿದೆ. "ಅರ್ಧಚಂದ್ರ ನಿನ್ನ ಕರಕ್ಕ ಒಂದಕ್ಕ ಬರದುಕೊಟ್ಟಾರೇನು? ತಲಿ ಕೆಟ್ಟೈತಿ ನಿಂದು" ಎಂದು ನೆಂಟರೆಲ್ಲರೆದುರು ನನ್ನನ್ನು ಹುಚ್ಚಿ ಮಾಡಿದ. ಅವತ್ತೇ ತೀರ್ಮಾನಿಸಿದೆ, ನಿಜವನ್ನು ಇವನ ಬಾಯಿಂದಲೇ ಕಕ್ಕಿಸಬೇಕು.

ಕೊಳವೆ ಕಳಚಿ ಹಸುವನ್ನು ಹೊರತೆಗೆದು, ಎತ್ತಿನ ಕೊಂಬಿಗೆ ಹಚ್ಚುವ ಆಯಿಲ್ ಪೇಂಟ್ ಬಳಿದೆ. ವಾರವಾದರೂ ಆರಲಿಲ್ಲ, ಬರೀ ಅಂಟು. ಥೂ ಎಂದು ಕೆರೆದು ತೆಗೆದು, ಆಟದ ವಿಮಾನ, ಟ್ಯಾಂಕುಗಳಿಗೆ ಹಚ್ಚುವ ಬಣ್ಣ ತರಿಸಿದೆ. ಹೆಬ್ಬೆರಳಿನಷ್ಟು ಸೀಸೆಗಳು. ಮೊದಲು ಬೂದು ಬಣ್ಣದ ತೆಳು ಲೇಪ, ಅದು ಆರಿದ ಮೇಲೆ ಕೆಂಚು, ಗೊರಸಿಗೆ ಕಪ್ಪು. ಅರ್ಧಚಂದ್ರವನ್ನು ಉಸಿರು ಬಿಗಿಹಿಡಿದು ಬರೆದೆ. ತಟ್ಟೆಯ ಕಿಟಕಿಯಲ್ಲಿ ಮಾವನ ಹಾಗೆ ರುಮಾಲು, ಮೀಸೆಯಿದ್ದ ಮುಖವೊಂದನ್ನೂ ಕೂರಿಸಿದೆ. ನನ್ನ ಹೊಲಿಗೆ ಅಂಗಡಿಗೆ ಬಂದವರು "ಯಾರಿಗಕ್ಕಾ ಇದು?" ಎಂದರೆ "ಬೇಕಾದವರಿಗೆ" ಅನ್ನುತ್ತಿದ್ದೆ.

ಉಳಿದದ್ದು ಕೊಂಬು. ಹೇಗಿರುತ್ತವೋ ನನಗೇನು ಗೊತ್ತು? ಆದರೆ ಮಾವನ ಚಟ ಗೊತ್ತಿತ್ತು. ಹೋರಿಯ ವಿಷಯದಲ್ಲಿ ತಪ್ಪು ಕಂಡರೆ ಅವನು ಬಾಯಿ ಮುಚ್ಚಿಕೊಂಡಿರಲಾರ. ಬಾಚಣಿಗೆಯ ಎರಡು ಹಲ್ಲು ಮುರಿದು, ಎರಡನ್ನೂ ನೆಟ್ಟಗೆ ಅಂಟಿಸಿದೆ.

ಗೃಹಪ್ರವೇಶದ ದಿನ ಊಟವಾದ ಮೇಲೆ ನಡುಮನೆಯಲ್ಲಿ ದೀಪ ಹಚ್ಚಿದೆ. "ಇದೇನಬೇ, ಹೋರಿ ಮ್ಯಾಲ ಬುಟ್ಟಿ ಡಬ್ಬ ಹಾಕೀ?" ಎಂದು ಮುದುಕಿಯೊಬ್ಬಳು ಕೇಳಿದಳು, ಎಲ್ಲರೂ ನಕ್ಕರು. ಮಾವ ಕನ್ನಡಕ ಏರಿಸಿ ಬಗ್ಗಿ ನೋಡಿದ. ಕಿಟಕಿಯ ಮುಖ ಅವನ ಕಣ್ಣಿಗೆ ಬೀಳಲೇ ಇಲ್ಲ. "ಭಲೇ! ನಿನ್ನ ಹೋರೀನ ಮಾಡೀಯಲ್ಲ. ಎಲ್ಲಾ ಬರೋಬರಿ ಐತಿ, ಎಡಗೊಂಬ ಒಂದ ತಪ್ಪೇತಿ ನೋಡು. ಅದು ತುದೀಗೆ ಒಳಗ ತಿರಗೇತಿ."

"ಮಾವಾ, ಸತ್ತಾಗ ಅದಕ್ಕ ಕೊಂಬ ಬಂದಿದ್ದಿಲ್ಲಲ್ಲ" ಅಂದೆ.

ದನ ಕಟ್ಟಿದ ಮಂದಿಯೇ ಎಲ್ಲ, ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾವನ ಮುಖ ಸುಟ್ಟ ಬದನೆಕಾಯಿಯಾಯಿತು. ಆಹಾ, ಎಂಥ ಸುಖ! ಏಳು ವರ್ಷದ ಸುಳ್ಳಿನ ಉರಿ ಒಂದೇ ಗುಟುಕಿಗೆ ತಣ್ಣಗಾಯಿತು.

"ಗುಡ್ನಾಪುರದ ಗೆಳ್ಯಾಗ ಕೊಟ್ಟೆ" ಎಂದ ಕೊನೆಗೆ. "ಹುಡುಗಿ ಹೋರಿ ಬಿಟ್ರ ಮಂದಿ ನಗ್ತಾರಂತ..."

"ಏಳು. ಈಗಿಂದೀಗ ನಡಿ. ಅದು ಯಾರದಂತ ಅವನ ಮುಂದ ನೀನ ಹೇಳು" ಅಂದೆ. ಹೊಸ ಪಂಚೆಯಲ್ಲೇ, ನೆಂಟರನ್ನು ಬಿಟ್ಟು, ನನ್ನ ಸ್ಕೂಟಿಯ ಹಿಂದೆ ಕೂತ. ದಾರಿಯಲ್ಲಿ ಒಂದೂ ಗುಂಡಿ ತಪ್ಪಿಸಲಿಲ್ಲ ನಾನು.

ಹೋರಿ ಗೋದಲಿಯಲ್ಲಿ ಮೇಯುತ್ತಿತ್ತು. ಎಡಗೊಂಬು ಹೌದು, ಒಳಗೆ ತಿರುಗಿತ್ತು. ಕರುವಾಗಿದ್ದಾಗ ಕರೆಯುತ್ತಿದ್ದ ಹಾಗೇ ಲೊಚಗುಟ್ಟಿ ಕರೆದೆ. ಕಿವಿಯನ್ನೂ ಅಲುಗಿಸಲಿಲ್ಲ. ನನ್ನ ಹಿಂದೆ ಮಾವ ಕೆಮ್ಮಿದ. ಅಷ್ಟಕ್ಕೇ ತಲೆಯೆತ್ತಿ, ಹಗ್ಗ ಜಗ್ಗಿ ಬಂದು ಅವನ ಹೆಗಲ ಮೇಲೆ ಗದ್ದ ಇಟ್ಟಿತು.

"ವಾರಕ್ಕೊಮ್ಮೆ ಬರ್ತಾರ್ರಿ, ತಪ್ಪಿಸಂಗಿಲ್ಲ. ಬರ್ರಿ, ಒಳಗ ಬರ್ರಿ" ಎಂದ ಗೆಳೆಯ.

ಮಾವ ಹೇಳಬೇಕಾದದ್ದನ್ನು ಅವನೆದುರು ಹೇಳಿದ. ನನಗೆ ಸರಿಯಾಗಿ ಕೇಳಿಸಲೇ ಇಲ್ಲ. ಆಮೇಲೆ ನನ್ನ ಕೈ ಹಿಡಿದು ಹೋರಿಯ ಕೊರಳ ಕೆಳಗೆ ಇಟ್ಟ. "ಇಲ್ಲಿ ತುರಸು. ಇಲ್ಲಿ ತುರಿಸಿದ್ರ ಸುಮ್ಮನ ನಿಂದರತೈತಿ."

ನನ್ನ ಹೋರಿಯನ್ನು ಮುಟ್ಟುವುದು ಹೇಗೆಂದು ಅವನು ನನಗೆ ಕಲಿಸುತ್ತಿದ್ದ. ಆ ಕೈಯನ್ನು ಮುರಿದುಹಾಕಬೇಕೆನಿಸಿತು. ತುರಿಸಿದೆ. ಹೋರಿ ಅವನನ್ನೇ ನೋಡುತ್ತ ಸುಮ್ಮನೆ ನಿಂತಿತು.