ತಾಂಬೂಲದ ಚೀಲದ ಮೇಲಿನ ವಿಳಾಸ

ಮಗಳ ಮದುವೆಯಲ್ಲಿ ತಾಂಬೂಲದ ಚೀಲದ ಮೇಲೆ, ವಧೂವರರ ಹೆಸರಿನ ಕೆಳಗೆ, ನನ್ನ ಅಂಗಡಿಯ ವೆಬ್‌ಸೈಟ್ ವಿಳಾಸವನ್ನೂ ಅಚ್ಚು ಹಾಕಿಸಿದ್ದು ನಾನೇ. ತಪ್ಪನ್ನು ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ. ಅಂಗಡಿ ಎಂದರೆ ಬನಶಂಕರಿಯ ನಮ್ಮ ಮನೆಯ ಮುಂದಿನ ಕೋಣೆ. ಸೀರೆಯ ಸೆರಗಿಗೆ ಕುಚ್ಚು ಕಟ್ಟಿಕೊಡುವುದು ಕೆಲಸ.

"ಅತ್ತಿಗೆ, ಮದುವೆ ಮಗಳದ್ದೋ, ಅಂಗಡೀದೋ?" ಎಂದು ನಾದಿನಿ ಛತ್ರದಲ್ಲೇ ಚುಚ್ಚಿದಳು. ನಕ್ಕುಬಿಟ್ಟೆ. ಐನೂರು ಚೀಲ, ದಪ್ಪ ಬಟ್ಟೆ, ಎರಡೆರಡು ಹೊಲಿಗೆ. ಇವತ್ತು ತೆಂಗಿನಕಾಯಿ ಹೊತ್ತರೆ ನಾಳೆಯಿಂದ ಹತ್ತು ವರ್ಷ ತರಕಾರಿ ಹೊರುತ್ತವೆ, ಜೊತೆಗೆ ನನ್ನ ವಿಳಾಸವನ್ನೂ ಎಂದು ಒಳಗೊಳಗೇ ಬೀಗುತ್ತಿದ್ದೆ.

ಕುಚ್ಚು ಕಟ್ಟುವವಳು ನಾನಲ್ಲ, ನನ್ನ ಬೆರಳಿಗೆ ಅಷ್ಟು ಬುದ್ಧಿ ಇಲ್ಲ. ಬೇಗೂರಿನಿಂದ ಹೊರಟು ಮಡಿವಾಳದಲ್ಲಿ ಬಸ್ ಬದಲಿಸಿ ಬರುವ ಒಬ್ಬಾಕೆ ಇದ್ದಳು. ಅವಳು ಮಣಿ ಕೂರಿಸಿ ಗಂಟು ಹಾಕಿದರೆ ಬಿಚ್ಚಲು ಕತ್ತರಿಯೇ ಬೇಕು. ಅವಳಿದ್ದರೆ ಅಂಗಡಿ, ಇಲ್ಲದಿದ್ದರೆ ಬರೀ ಕೋಣೆ.

ಗಿರಾಕಿಗಳು ಬರುತ್ತಿದ್ದುದು ಇಂಟರ್ನೆಟ್‌ನಲ್ಲಿ ಹುಡುಕಿಕೊಂಡು. ಮೊದಲ ಪುಟದಲ್ಲೇ ಇದ್ದೆವು. ಇನ್ನೂ ಮೇಲೇರುವ ಆಸೆಗೆ ಯಾರೋ ಒಬ್ಬನನ್ನು ಹಿಡಿದೆ. ಲಿಂಕ್ ಹೆಚ್ಚಿದಷ್ಟೂ ಮೇಲೇರುತ್ತೀರಿ ಎಂದು ಅವನು ಕೂದಲೆಣ್ಣೆ, ಲಾಟರಿ ಅಂತ ಕಂಡ ಕಂಡ ಕಸದ ಪುಟಗಳಲ್ಲೆಲ್ಲ ನಮ್ಮ ಲಿಂಕ್ ಸಿಕ್ಕಿಸಿದ. ಹುಡುಕಾಟದ ಕಂಪನಿಗೆ ಇದು ಗೊತ್ತಾಗಿ, ಶಿಕ್ಷೆಯೆಂದು ನಮ್ಮನ್ನು ಕಣ್ಣಿಗೆ ಬೀಳದಷ್ಟು ಹಿಂದಕ್ಕೆ ತಳ್ಳಿತು.

ಬಿಟಿಎಂ ಲೇಔಟಿನಲ್ಲಿ ವೆಬ್‌ಸೈಟ್ ಮಾಡುವವರೊಬ್ಬರ ಬಳಿ ಓಡಿದೆ. ತಲೆ ನನಗಿಂತ ಬೆಳ್ಳಗಿದ್ದರೂ ಅವರಿಗೆ ನಾನು ಆಂಟಿ. "ಹೊಸ ವಿಳಾಸ ತಗೊಂಡು ಹೊಸದಾಗೇ ಶುರು ಮಾಡಿ ಆಂಟಿ. ಹಳೇದನ್ನ ಮರ್ತುಬಿಡಿ" ಎಂದರು.

ಮರೆಯುವುದು ಹೇಗೆ? ಐನೂರು ಚೀಲ ಊರೆಲ್ಲ ಓಡಾಡುತ್ತಿವೆ. "ಹಳೇ ವಿಳಾಸ ಒತ್ತಿದವ್ರು ಸೀದಾ ಹೊಸದಕ್ಕೆ ಬರೋ ಹಾಗೆ ಮಾಡಿ" ಎಂದು ಪಟ್ಟು ಹಿಡಿದೆ.

"ರೀಡೈರೆಕ್ಟ್ ಹಾಕ್ಬಹುದು. ಆದ್ರೆ ಆಂಟಿ..."

ಆ 'ಆದ್ರೆ'ಯ ಮುಂದೆ ಏನಿದೆ ಎಂದು ನಾನು ಕೇಳಲಿಲ್ಲ. ದಿನಕ್ಕೆ ನೂರು ಚಿಂತೆ ಮಾಡುವವಳು ಮಾಡಬೇಕಾದ ಒಂದನ್ನೇ ಬಿಟ್ಟೆ.

ಕೆಲವು ವಾರ ಫೋನ್ ಚೆನ್ನಾಗಿ ಬಡಿದುಕೊಂಡಿತು. ಆಮೇಲೆ ಹೊಸ ವಿಳಾಸವೂ ಹುಡುಕಿದರೆ ಸಿಗದಾಯಿತು.

"ರೀಡೈರೆಕ್ಟ್ ಹಿಡ್ಕೊಂಡು ಹಳೇ ಶಿಕ್ಷೆ ಹಿಂದೇನೇ ಬಂತು. ದಾರಿ ಮಾಡಿಕೊಟ್ಟಿದ್ದು ನಾವೇ ಅಲ್ವಾ?" ಎಂದರು ಬಿಟಿಎಂನವರು.

ದಾರಿ ಮುಚ್ಚಿದರೆ ಚೀಲದವರು ಕೈತಪ್ಪುತ್ತಾರೆ. ತೆರೆದಿಟ್ಟರೆ ಹುಡುಕುವವರು ಸಿಗುವುದಿಲ್ಲ. ಒಂದು ತಿಂಗಳು ಇದನ್ನೇ ತಿರುವಿ ಹಾಕುತ್ತ ಕೂತೆ. ಕೆಲಸವಿಲ್ಲವೆಂದು ಕುಚ್ಚಿನವಳು ಬಿಟ್ಟು ಹೋದಾಳೆಂಬ ಭಯಕ್ಕೆ ನನ್ನ ಬೀರುವಿನ ಸೀರೆಗಳನ್ನೇ ಒಂದೊಂದಾಗಿ, ಗಿರಾಕಿಯದೆಂದು ಹೇಳಿ ಕೊಟ್ಟೆ.

"ಇದು ನಿಮ್ದೇ ಅಲ್ವಾ ಅಕ್ಕಾ? ಯುಗಾದೀಲಿ ಉಟ್ಟಿದ್ರಲ್ಲ" ಎಂದಳು ಮೂರನೆಯ ದಿನ.

"ಅದೇ ಥರದ್ದು" ಎಂದೆ. ಅವಳು ಸೆರಗಿನ ಮೇಲಿನ ಒಬ್ಬಟ್ಟಿನ ತುಪ್ಪದ ಕಲೆಯನ್ನು ಬೆರಳಿನಿಂದ ಸವರಿ, ದಾರ ಪೋಣಿಸಿದಳು.

ಆ ವಾರವೇ ಜಯನಗರದ ಮಾರ್ಕೆಟ್ಟಿನಲ್ಲಿ ಒಬ್ಬ ಹೆಂಗಸಿನ ತೋಳಿನಲ್ಲಿ ನಮ್ಮ ಚೀಲ ಕಂಡೆ. ನುಗ್ಗೆಕಾಯಿ ಇಣುಕುತ್ತಿತ್ತು. ತಡೆಯಲಾಗದೆ ಕೇಳಿದೆ, "ಮೇಡಂ, ಈ ಚೀಲದ ಮೇಲಿರೋ ವಿಳಾಸ ಯಾವತ್ತಾದ್ರೂ ನೋಡಿದೀರಾ?"

ಅವರು ಚೀಲವನ್ನು ತಿರುಗಿಸಿ ನೋಡಿದರು. "ಅಯ್ಯೋ, ಇಲ್ಲೇನೋ ಬರ್ದಿದೆ! ಚೀಲ ಯಾರ್ರೀ ಓದ್ತಾರೆ?"

ಅಲ್ಲೇ ನಿಂತು ಬಿಟಿಎಂನವರಿಗೆ ಫೋನ್ ಮಾಡಿ ರೀಡೈರೆಕ್ಟ್ ತೆಗೆಸಿದೆ.

"ಹಳೇ ವಿಳಾಸದಲ್ಲಿ ಬರೀ ಫೋನ್ ನಂಬರ್ ಹಾಕಿಟ್ರೆ ಸಾಕು ಅಂತ ಅವತ್ತೇ ಹೇಳೋಕೆ ಬಂದಿದ್ದೆ ಆಂಟಿ. ಈಗ ತೆಗೆದ್ರೂ ತಕ್ಷಣ ಸರಿಹೋಗಲ್ಲ. ಕಾಯ್ಬೇಕು."

"ಎಷ್ಟು ದಿನ?"

"ಅದು ಹುಡುಕಾಟದ ಕಂಪನಿಯವರಿಗೇ ಗೊತ್ತು."

ಕಾಯುವುದು ನನಗೆ ಅಭ್ಯಾಸ. ಕುಚ್ಚಿನವಳು ಕಾಯುವ ಹಾಗಿರಲಿಲ್ಲ. ಶನಿವಾರ ಸಂಜೆ ಸೂಜಿಡಬ್ಬಿ, ಕತ್ತರಿ, ಊಟದ ಡಬ್ಬಿ ಎಲ್ಲ ಜೋಡಿಸಿಕೊಂಡಳು. "ಬೇಗೂರಲ್ಲೇ ಒಂದ್ ಅಂಗಡಿಯೋರು ಸೋಮವಾರದಿಂದ ಬಾ ಅಂದವ್ರೆ ಅಕ್ಕಾ. ನಿಮ್ ಕಂಪ್ಯೂಟರ್ ಸರಿಹೋದ್ರೆ ಫೋನ್ ಮಾಡಿ."

"ಮಾಡ್ತೀನಿ."

"ಈ ಚೀಲ ತಗೊಂಡೋಗ್ಲಾ? ಗಟ್ಟಿಯಾಗೈತೆ."

ಮೂಲೆಯಲ್ಲಿ ಉಳಿದಿದ್ದ ತಾಂಬೂಲದ ಚೀಲ. ತಗೋ ಎಂದೆ.

ಈಗ ದಿನಾ ಬೆಳಿಗ್ಗೆ ಕಾಫಿ ಹಿಡಿದು ನಮ್ಮನ್ನು ನಾನೇ ಹುಡುಕುತ್ತೇನೆ. ಒಂಬತ್ತನೆಯ ಪುಟದವರೆಗೆ ಹೋಗಿ, ಕಾಣದೆ ವಾಪಸ್ ಬರುತ್ತೇನೆ. ಅವಳ ಕುರ್ಚಿಯ ಮೇಲೆ ಯುಗಾದಿಯ ಸೀರೆ ಇನ್ನೂ ಹಾಗೇ ಇದೆ, ಅರ್ಧ ಸೆರಗಿಗೆ ಕುಚ್ಚು ಕಟ್ಟಿಸಿಕೊಂಡು.