ಚಂಪಕ್ಕ ತಪ್ಪಿ ಹೇಳಿದ ಹೆಸರು

ಅನನ್ಯಾ, ಓಂಕಾರ, ಮರಾಠಿ ನಾಡಿನ ಕೊಂಢವಾ ಬಡಾವಣೆಯ ನಮ್ಮ ಹಳೆಯ ಮನೆಯನ್ನು ನೀವು ನೋಡಿಲ್ಲ. ಎದುರು ಬಾಗಿಲಿನ ಚಂಪಕ್ಕನನ್ನೂ ನೋಡಿಲ್ಲ. ಅವರ ಮನೆಯಲ್ಲಿ ಒಡಪು ಹಾಕದೆ ಯಾರಿಗೂ ಚಹಾ ಸಿಗುತ್ತಿರಲಿಲ್ಲ. ಒಡಪು ಅಂದರೆ ಗಂಡನ ಅಥವಾ ಹೆಂಡತಿಯ ಹೆಸರನ್ನು ಪ್ರಾಸ ಕಟ್ಟಿ ಹೇಳುವುದು. ಗ್ಯಾಸ್ ಸಿಲಿಂಡರ್ ಹೊತ್ತು ತಂದ ಮರಾಠಿ ಮನುಷ್ಯನನ್ನೂ ಬಾಗಿಲಲ್ಲೇ ನಿಲ್ಲಿಸಿ, ಹೆಂಡತಿಯ ಹೆಸರು ಹೇಳಿಸಿಯೇ ಚಹಾದ ಕಪ್ಪನ್ನು ಕೈಗೆ ಕೊಡುತ್ತಿದ್ದರು.

ನಾನಾದರೋ ನಿಮ್ಮ ಅಜ್ಜ ಇದ್ದಾಗಲೇ ಅವರ ಹೆಸರು ಹೇಳಿದವಳಲ್ಲ. ರೇಷನ್ ಕಾರ್ಡಿನವರು ಕೇಳಿದರೆ ಮಗನ ಕಡೆ ಕೈ ತೋರಿಸುತ್ತಿದ್ದೆ. ನಿಮ್ಮ ಅಜ್ಜ ಹೋದ ಮೇಲೆ ಕೇಳುವವರೇ ಇಲ್ಲವಾಯಿತು. ಗಂಡ ಇಲ್ಲದವಳಿಗೆ ಒಡಪು ಹಾಕು ಎಂದು ಯಾರೂ ಅನ್ನುವುದಿಲ್ಲ.

ಚಂಪಕ್ಕ ಮಾತ್ರ ಅನ್ನುತ್ತಿದ್ದರು. ನಿಮ್ಮ ಅತ್ತೆ ಸುಧಾಳ ಮದುವೆ ಗೊತ್ತಾದಾಗ ಹಟ ಹಿಡಿದರು. "ಮಗಳ ಮದುವ್ಯಾಗ ನೀವು ಹೆಸರು ಹೇಳಬೇಕ್ರಿ ಗಿರಿಜಕ್ಕ. ಮನಷ್ಯಾ ಹೋದರ ಹೆಸರೂ ಹೋತೇನು?"

ವಾರವಿಡೀ ಬಟಾಣಿ ಸುಲಿಯುತ್ತಾ ನನಗೆ ಪಾಠ ನಡೆಯಿತು. ಪ್ರಾಸ ಬರುತ್ತಿತ್ತು. ಹೆಸರಿನ ಜಾಗ ಬಂದ ಕೂಡಲೇ ನಾನು ಸೆರಗು ಬಾಯಿಗಿಡುತ್ತಿದ್ದೆ, ಅವರೇ ಹೇಳಿ ಮುಗಿಸುತ್ತಿದ್ದರು.

ವರನ ಕಡೆಯವರು ಆರತಕ್ಷತೆಗೆ ದೊಡ್ಡ ಹಾಲ್ ಹಿಡಿದಿದ್ದರು. ಎಲ್ಲ ಕಡೆ ಬಿಳಿ ಹೂವು, ಮೆತ್ತಗಿನ ದೀಪ, ಅತ್ತರಿನ ವಾಸನೆ. ಚಂಪಕ್ಕ ಇಳಕಲ್ ಸೀರೆ ಉಟ್ಟು, ಶೇಂಗಾ ಚಟ್ನಿಯ ಡಬ್ಬಿ ಹಿಡಿದು ಬಂದರು. ಸೂಟು ಹಾಕಿದ ಬೀಗರ ತಟ್ಟೆಯ ಪನೀರಿನ ಮೇಲೆ ಒಂದು ಚಮಚ ಉದುರಿಸಿ, "ಇದಕ್ಕ ಖಾರನ ಇಲ್ಲ, ತಿಂದು ನೋಡ್ರಿ" ಎಂದರು. ಅವರು ಕನ್ನಡ ತಿಳಿಯದೆ ನಕ್ಕರು, ಚಟ್ನಿ ತಿಂದು ಮತ್ತೆ ತಟ್ಟೆ ಚಾಚಿದರು.

ನಾನು ಐಸ್‌ಕ್ರೀಮ್ ಕೊಡುವಲ್ಲಿ ಕಂಬದ ಮರೆಗೆ ಕೂತಿದ್ದೆ. ಹುಡುಗರ ಕುಣಿತ ನಿಂತಿತು. ವೇದಿಕೆಯ ಹುಡುಗಿ ಮೈಕು ಹಿಡಿದು, ಹೆಂಗಸರೆಲ್ಲ ಬಂದು ಗಂಡನ ಹೆಸರು ಹೇಳಿ ಎಂದು ಮರಾಠಿಯಲ್ಲಿ ಕರೆದಳು. ಅವಳ ಮಾತು ಮುಗಿಯುವ ಮೊದಲೇ ಮೈಕು ಚಂಪಕ್ಕನ ಕೈಯಲ್ಲಿತ್ತು.

"ಕೊಂಢವಾದ ಸಿಗ್ನಲ್ಲು ಯಾವಾಗಲೂ ಕೆಂಪ, ಮಲ್ಲಪ್ಪನವರ ಸಿಟ್ಟಿಗೆ ನನ್ನ ಮಾತೇ ತಂಪ!"

ಮಲ್ಲಪ್ಪ ನಿಮ್ಮ ಅಜ್ಜ. ಚಂಪಕ್ಕನ ಗಂಡ ಶಂಕ್ರಪ್ಪನವರು ಊಟದ ತಟ್ಟೆ ಹಿಡಿದೇ ಎದ್ದು ನಿಂತರು. "ಏ ಚಂಪಾ! ಹಂಗಾರ ನಾ ಯಾರು?"

ನಮ್ಮವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಚಂಪಕ್ಕ ಮೈಕಿನಲ್ಲೇ ನಾಲಿಗೆ ಕಚ್ಚಿಕೊಂಡು, "ಅಯ್ಯ, ತಪ್ಪಿತ್ರಿ! ಇದು ಗಿರಿಜಕ್ಕ ಹೇಳೋ ಹೆಸರು. ಬರ್ರಿ ಗಿರಿಜಕ್ಕ, ನಿಮ್ಮದು ನೀವು ತಗೊಂಡು ಹೋಗ್ರಿ!" ಎಂದರು.

ಎಲ್ಲರ ಕಣ್ಣೂ ಕಂಬದ ಕಡೆ ತಿರುಗಿತು. ಸುಧಾ ಜರಿ ಸೀರೆ ಎತ್ತಿಕೊಂಡು ಕೆಳಗಿಳಿದು ಬಂದು ನನ್ನ ಕೈ ಹಿಡಿದಳು. ಕಲಿತ ಪ್ರಾಸವೆಲ್ಲ ಮರೆತುಹೋಗಿತ್ತು. "ಮಲ್ಲಪ್ಪನವರು... ನಮ್ಮವರು. ಇವತ್ತ ಅವರು ಇರಬೇಕಿತ್ತು" ಎಂದೆ. ಅಷ್ಟೇ.

ಚಂಪಕ್ಕ ಕಣ್ಣೊರೆಸಿಕೊಂಡು, "ಪ್ರಾಸ ಇಲ್ಲ ಬಿಡ್ರಿ. ಆದ್ರೂ ಚಹಾ ಸಿಗತದ" ಎಂದರು.

ಹೋದ ವರ್ಷ ಅವರು ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. "ಅವತ್ತ ಖರೇನ ತಪ್ಪಿತ್ತೇನ್ರಿ?" ಎಂದು ಕೇಳಿದೆ. ಪಕ್ಕದ ಕೋಣೆಯಲ್ಲಿದ್ದ ಶಂಕ್ರಪ್ಪನವರ ಕಡೆ ಕಣ್ಣು ಹಾಯಿಸಿ, "ನಾ ಎಂದಾರ ಒಡಪು ತಪ್ಪೀನೇನ್ರಿ? ಆದರ ಅವರ ಮುಂದ ಮಾತ್ರ ತಪ್ಪಿತ್ತು ಅಂತನ ಹೇಳ್ರಿ" ಎಂದರು. ಎಂಟು ದಿನಕ್ಕೆ ಚಂಪಕ್ಕ ಹೋದರು. ಶಂಕ್ರಪ್ಪನವರಿಗೆ ನಾನು ಇನ್ನೂ ಹಾಗೆಯೇ ಹೇಳುತ್ತಿದ್ದೇನೆ.

ಮಕ್ಕಳೇ, ನಿಮ್ಮ ಅಜ್ಜನ ಹೆಸರನ್ನು ನಾನು ನನ್ನ ಕೈಯಾರೆ ಬರೆದದ್ದು ಇದೇ ಮೊದಲು. ಈ ಹಾಳೆಗಳನ್ನು ಜೋಪಾನವಾಗಿಡಿ. ಶಂಕ್ರಪ್ಪನವರ ಕೈಗೆ ಮಾತ್ರ ಕೊಡಬೇಡಿ.