ಬಣ್ಣ ಹೇಳುವವರು

"ಸಾರಿಗೆ ಹುಣಸೆಹಣ್ಣು ಕಿವುಚಿದ್ರಾ ಅಜ್ಜಿ, ಅದು ಆಸಿಡ್. ಪಾತ್ರೆಗೆ ಸೋಪು ಹಾಕಿದ್ರಾ, ಅದು ಬೇಸ್. ನೀವು ವೀಳ್ಯದೆಲೆಗೆ ಸವರೋ ಸುಣ್ಣಾನೂ ಬೇಸೇ. ಅರವತ್ತು ವರ್ಷದಿಂದ ನಡೆಸ್ತಿರೋದು ಲ್ಯಾಬೇ ಬಿಡಿ, ಸಂಬಳ ಕೊಟ್ಟಿಲ್ಲ ಅಷ್ಟೇ!" ಸವಳಂಗ ರಸ್ತೆಯ ಮಹಡಿಕೋಣೆಯಲ್ಲಿ ಬಾಡಿಗೆಗಿರುವ ಲೋಹಿತನ ಬೆಳಗು ಹೀಗೆ ಶುರುವಾಗುತ್ತದೆ. ಭದ್ರಾವತಿಯಿಂದ ಬಿಎಸ್ಸಿ ಕೆಮಿಸ್ಟ್ರಿ ಓದಲು ಬಂದ ಈ ಹುಡುಗ ಕಾಫಿಯ ಲೋಟವನ್ನೂ ಕಣ್ಣಿನ ಮಟ್ಟಕ್ಕೆ ಹಿಡಿದು ಅಳೆಯುತ್ತಾನೆ. ಆಸಿಡ್ ತೂತು ಮಾಡಿದ ಬಿಳಿ ಕೋಟನ್ನು ಇಡೀ ಬೀದಿಗೆ ಕಾಣುವಂತೆ ಒಣಹಾಕುತ್ತಾನೆ. ಉಪ್ಪು ಹೆಚ್ಚಾದರೆ ಉಪ್ಪು ಎನ್ನುವುದಿಲ್ಲ, ಸೋಡಿಯಂ ಕ್ಲೋರೈಡ್ ಎನ್ನುತ್ತಾನೆ. ಮನೆಯೊಡತಿ ದಾಕ್ಷಾಯಣಮ್ಮ ಓದಿದ್ದು ಮೂರನೇ ಕ್ಲಾಸು, ಕಿವಿ ಮಾತ್ರ ಚುರುಕು. ಇಷ್ಟೆಲ್ಲ ಬಲ್ಲವನು ಗಾಡಿಯವನಿಗೆ, "ಹಣ್ಣಾಗಿರೋ ಟೊಮೆಟೊ ನೀನೇ ಆರಿಸಪ್ಪಾ" ಎನ್ನುವುದು ಅವರಿಗೆ ಹಲವು ಸಲ ಕೇಳಿಸಿತ್ತು. ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ಸಂಜೆ ಅವನು ಮೆಟ್ಟಿಲ ಮೇಲೆ ಕೂತಿದ್ದ. "ಆಸಿಡ್‌ಗೆ ಬೇಸ್ ಹನಿಹನಿಯಾಗಿ ಬಿಡ್ತಾ, ತಿಳಿಗುಲಾಬಿ ಬಣ್ಣ ಬಂದ ತಕ್ಷಣ ನಿಲ್ಲಿಸಬೇಕು ಅಜ್ಜಿ. ನನಗೆ ಆ ಬಣ್ಣ ಕಾಣಲ್ಲ. ಇಷ್ಟು ದಿನ ಲ್ಯಾಬಲ್ಲಿ ನನ್ನ ಪಕ್ಕ ನಿಲ್ಲೋ ಲಿಖಿತಾ ಹೇಳ್ತಿದ್ಲು. ನಾಳೆ ಒಬ್ಬನೇ." "ಮೇಷ್ಟ್ರಿಗೆ ಹೇಳಿದ್ಯಾ?" "ನಗಾಡ್ತಾರೆ." "ನಗಾಡಿದ್ರೆ ಹಲ್ಲು ಅವರದೇ ಕಾಣೋದು, ಮಾರಾಯ. ಫೋನ್ ಹಚ್ಚು." ಹಚ್ಚಿದ. ಅಷ್ಟು ಮಾತುಗಾರ ಹುಡುಗ ಬರೀ "ಹೂಂ ಸಾರ್, ಹೂಂ ಸಾರ್" ಎಂದ. "ಆಸಿಡ್ ಎಷ್ಟಿದೆ ಅಂತ ಅಳೆಯೋ ಮೀಟರ್ ಕೊಡ್ತಾರಂತೆ ಅಜ್ಜಿ. ಬಣ್ಣ ಬೇಡ, ನಂಬರ್ ನೋಡಿದ್ರೆ ಸಾಕು. ಮೊದಲನೇ ವರ್ಷವೇ ಯಾಕೋ ಹೇಳ್ಲಿಲ್ಲ ಅಂತ ಬೈದ್ರು." ದಾಕ್ಷಾಯಣಮ್ಮ ಅಕ್ಕಿಯಿದ್ದ ಮೊರವನ್ನು ಅವನ ಮುಂದಕ್ಕೆ ತಳ್ಳಿದರು. ಇಬ್ಬರೂ ಅಲ್ಲೇ ಕೂತು ನಾಳೆಯ ಅಕ್ಕಿಯಲ್ಲಿ ಕಲ್ಲು ಆರಿಸತೊಡಗಿದರು.